ಜರಡಿಮೂಳೆಯನ್ನು ನಾನು ಕಲಿತ ಬಗೆ

ಎಂಬಿಬಿಎಸ್ ಮೊದಲ ವರ್ಷದಲ್ಲಿ ನಾವು ಹಾಸ್ಟೆಲಿಗೆ ಒಯ್ಯುತ್ತಿದ್ದ ಮೂಳೆಗಳ ಪೆಟ್ಟಿಗೆಯಲ್ಲಿ ತೊಡೆಯ ಮೂಳೆ, ಹೆಗಲ ಮೂಳೆ, ಬೆನ್ನೆಲುಬಿನ ಮಣಿಗಳು ಎಲ್ಲವೂ ಇರುತ್ತಿದ್ದವು. ಜರಡಿಮೂಳೆ, ಅಂದರೆ ಎತ್ಮಾಯ್ಡ್, ಮಾತ್ರ ಇರುತ್ತಿರಲಿಲ್ಲ. ಅದನ್ನು ಅನಾಟಮಿ ವಿಭಾಗದವರು ಹತ್ತಿ ಹಾಸಿದ ಸಣ್ಣ ಡಬ್ಬಿಯಲ್ಲಿಟ್ಟು, ನಮ್ಮ ಕೈಗೆ ಕೊಡದೆ, ಮೇಜಿನ ಆಚೆ ಬದಿಯಿಂದಲೇ ತೋರಿಸುತ್ತಿದ್ದರು. ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು ಗಾತ್ರದ, ಒಣಗಿದ ಜೇನುಹಟ್ಟಿಯ ಚೂರಿನಂತೆ ಕಾಣುವ ಆ ಮೂಳೆ ಹದಿಮೂರು ಮೂಳೆಗಳೊಡನೆ ಕೂಡಿಕೊಳ್ಳುತ್ತದೆ ಎಂಬುದನ್ನು ಬಾಯಿಪಾಠ ಮಾಡಿ, ಅದರ ಹೆಸರು ಜರಡಿ ಎಂಬ ಅರ್ಥದ ಗ್ರೀಕ್ ಪದದಿಂದ ಬಂದದ್ದು ಎಂದು ಮೌಖಿಕ ಪರೀಕ್ಷೆಯಲ್ಲಿ ಒಪ್ಪಿಸಿ, ನಾನು ಅದನ್ನು ಮರೆತುಬಿಟ್ಟೆ. ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಸ್ನಾತಕೋತ್ತರ ಪದವಿಗೆ ಸೇರಿದ ಮೇಲೆ ಅದೇ ಮೂಳೆ ದಿನವೂ ಎದುರಾಗತೊಡಗಿತು. ನಾನು ಕಲಿತದ್ದು ಅದರ ಹೆಸರುಗಳನ್ನು ಮಾತ್ರ ಎಂಬುದು ಆಗ ಗೊತ್ತಾಯಿತು.

ರಚನೆಯನ್ನು ಚುಟುಕಾಗಿ ಹೇಳುತ್ತೇನೆ. ಎರಡು ಕಣ್ಣುಗಳ ನಡುವೆ, ಮಿದುಳಿನ ಕೆಳಗೆ, ಮೂಗಿನ ಚಾವಣಿಯಾಗಿ ಕುಳಿತಿರುವ ಒಂಟಿ ಮೂಳೆ ಇದು. ಮೇಲೆ ಅಡ್ಡಲಾಗಿ ಜರಡಿ ಫಲಕವಿದ್ದು, ಅದರ ತೂತುಗಳ ಮೂಲಕ ಒಂದೊಂದು ಬದಿಯಲ್ಲೂ ಸುಮಾರು ಇಪ್ಪತ್ತು ಎಳೆಗಳಾಗಿ ವಾಸನೆಯ ನರ ಮೂಗಿಗೆ ಇಳಿಯುತ್ತದೆ. ಆ ಫಲಕದ ನಡುವಿನಿಂದ ಮೇಲಕ್ಕೆ ಹುಂಜದ ಜುಟ್ಟಿನಂಥ ಏಣು ಎದ್ದಿದೆ. ಕೆಳಕ್ಕೆ ಇಳಿದ ಲಂಬ ಫಲಕವು ಮೂಗಿನ ನಡುಗೋಡೆಯ ಮೇಲ್ಭಾಗವಾಗುತ್ತದೆ. ಎರಡು ಪಕ್ಕಗಳಲ್ಲಿ ಗಾಳಿ ತುಂಬಿದ ಕೋಶಗಳ ಗೊಂಚಲುಗಳು ತೂಗುತ್ತವೆ. ಮೂಗಿನೊಳಗೆ ಸುರುಳಿಯಂತೆ ಚಾಚಿದ ಟರ್ಬಿನೇಟುಗಳಲ್ಲಿ ಮೇಲಿನದೂ ನಡುವಿನದೂ ಈ ಮೂಳೆಯ ಭಾಗಗಳೇ. ಕೆಳಗಿನ ಟರ್ಬಿನೇಟ್ ಮಾತ್ರ ಬೇರೆಯೇ ಮೂಳೆ. ಪರೀಕ್ಷಕರಿಗೆ ಅದೇಕೋ ಈ ಪ್ರಶ್ನೆಯೆಂದರೆ ಬಲು ಪ್ರೀತಿ.

ಆದರೆ ಎಂಡೋಸ್ಕೋಪನ್ನು, ಅಂದರೆ ಒಳಗನ್ನು ತೋರಿಸುವ ಸಪೂರ ನಳಿಕೆಯನ್ನು, ಮೂಗಿನೊಳಗೆ ಇಳಿಸಿದವನಿಗೆ ಈ ಚಿತ್ರ ಕಾಣುವುದಿಲ್ಲ. ಕಾಣುವುದು ಗುಲಾಬಿ ಬಣ್ಣದ ಲೋಳೆಪೊರೆ, ರಕ್ತ, ದುರ್ಮಾಂಸವೆಂದು ಜನ ಕರೆಯುವ ಪಾಲಿಪುಗಳು, ಅವುಗಳ ಹಿಂದೆ ಯಾವುದು ಯಾವುದೆಂದು ತಿಳಿಯದ ತೆಳುಗೋಡೆಗಳು. ಈ ಗೋಡೆಗಳಿಗೆ ಒಂದು ಸಾಲು ಇದೆ ಎಂಬುದು ಹೊಳೆದ ದಿನ ನನಗೆ ಅರ್ಧ ಎತ್ಮಾಯ್ಡ್ ಅರ್ಥವಾಯಿತೆನ್ನಬಹುದು. ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುವಂತೆ ಇಲ್ಲಿಯೂ ಮುಂದಿನಿಂದ ಹಿಂದಕ್ಕೆ ಒಂದರ ಹಿಂದೊಂದು ಓರೆಗೋಡೆಗಳಿವೆ: ಮೊದಲು ಕೊಕ್ಕೆಯಂಥ ಅನ್ಸಿನೇಟ್, ನಂತರ ಗುಳ್ಳೆಯಂತೆ ಉಬ್ಬಿದ ಬುಲ್ಲಾ, ಆಮೇಲೆ ನಡುವಿನ ಟರ್ಬಿನೇಟ್ ಪಕ್ಕದ ಗೋಡೆಗೆ ಅಂಟಿಕೊಳ್ಳುವ ಬೇಸಲ್ ಲ್ಯಾಮೆಲ್ಲಾ. ಈ ಮೂರನೆಯದೇ ಮನೆಯ ನಡುಗೋಡೆ. ಅದರ ಮುಂದಿನ ಕೋಶಗಳೆಲ್ಲ ನಡುವಿನ ಟರ್ಬಿನೇಟಿನ ಕೆಳಗಿನ ಓಣಿಗೆ ಬಾಗಿಲು ತೆರೆಯುತ್ತವೆ. ಹಿಂದಿನವು ಮೇಲಿನ ಟರ್ಬಿನೇಟಿನ ಕೆಳಗಿನ ಓಣಿಗೆ. ಕೆನ್ನೆಯ ಮತ್ತು ಹಣೆಯ ಸೈನಸುಗಳೂ, ಅಂದರೆ ಆ ಮೂಳೆಗಳೊಳಗಿನ ಗಾಳಿಗೂಡುಗಳೂ, ಮುಂದಿನ ಓಣಿಗೇ ಹರಿಯುವುದರಿಂದ, ಅಲ್ಲಿ ಕೆಲವೇ ಮಿಲಿಮೀಟರ್ ಊತ ಬಂದರೂ ಈ ಕೋಶಗಳೂ ಸೇರಿ ಮೂರೂ ಸೈನಸುಗಳು ಕಟ್ಟಿಕೊಳ್ಳಬಲ್ಲವು. ಆಸ್ಟ್ರಿಯಾದ ಗ್ರಾಜ್ ನಗರದ ವೈದ್ಯ ಮೆಸ್ಸರ್‌ಕ್ಲಿಂಗರ್ ಎಂಡೋಸ್ಕೋಪಿನಿಂದ ಕಂಡುಕೊಂಡದ್ದು ಇದನ್ನೇ, 1985ರಲ್ಲಿ ಅಮೆರಿಕದಲ್ಲಿ ಕೆನಡಿ ಎಂಬ ವೈದ್ಯರು ಹೆಸರಿಟ್ಟು ಪ್ರಚಾರಕ್ಕೆ ತಂದ ಎಂಡೋಸ್ಕೋಪಿಕ್ ಸೈನಸ್ ಶಸ್ತ್ರಚಿಕಿತ್ಸೆಯ ತಳಹದಿಯೂ ಇದೇ.

ಸ್ನಾತಕೋತ್ತರ ಎರಡನೆಯ ವರ್ಷದಲ್ಲಿ, ಪಾಲಿಪ್ ತುಂಬಿದ್ದ ಒಬ್ಬರ ಎಡ ಮೂಗಿನಲ್ಲಿ ನಾನು ಬುಲ್ಲಾ ತೆರೆದು ಪಕ್ಕದ ಕೋಶಗಳನ್ನು ಬಿಡಿಸುತ್ತಿದ್ದೆ. ಇಕ್ಕಳದಲ್ಲಿ ಬಂದ ಒಂದು ಚೂರು ಉಳಿದವುಗಳಿಗಿಂತ ಹಳದಿಯಾಗಿತ್ತು. ಅದು ಪಾಲಿಪಿನ ತುಂಡೇ ಎಂದು ನಾನು ಮುಂದುವರಿಯುವುದರಲ್ಲಿದ್ದೆ. ನನ್ನ ಹಿಂದೆ ನಿಂತಿದ್ದ ಹಿರಿಯರು ಏನನ್ನೂ ಹೇಳದೆ ಆ ಚೂರನ್ನು ತೆಗೆದು ಸಲೈನ್ ಬಟ್ಟಲಿಗೆ ಹಾಕಿದರು. ಪಾಲಿಪ್ ಮುಳುಗುತ್ತದೆ. ಇದು ತೇಲಿತು. ಅಂದರೆ ಕಣ್ಣುಗುಳಿಯ ಕೊಬ್ಬು. ಅವರು ಬಟ್ಟೆಯಿಂದ ಮುಚ್ಚದೆ ಬಿಟ್ಟಿದ್ದ ರೋಗಿಯ ಎಡಗಣ್ಣಿನ ರೆಪ್ಪೆಯ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದಾಗ ಎಂಡೋಸ್ಕೋಪಿನ ಪರದೆಯ ಮೇಲೆ ಆ ಹಳದಿ ಜಾಗ ಮುಂದಕ್ಕೆ ಉಬ್ಬಿ ಹಿಂದಕ್ಕೆ ಸರಿಯಿತು. ಕಾಗದದಂತಿರುವ ಕಾರಣಕ್ಕೇ ಲ್ಯಾಮಿನಾ ಪ್ಯಾಪಿರೇಸಿಯಾ ಎಂದು ಹೆಸರು ಪಡೆದ ಗೋಡೆಯನ್ನು ನಾನು ದಾಟಿದ್ದೆ. ಅಲ್ಲಿಗೇ ನಿಲ್ಲಿಸಿದೆವು; ಕೊಬ್ಬನ್ನು ಎಳೆಯಲಿಲ್ಲ, ಮೂಗನ್ನು ಬಿಗಿಯಾಗಿ ತುಂಬಲಿಲ್ಲ, ಆ ರಾತ್ರಿಯೆಲ್ಲ ಗಂಟೆಗೊಮ್ಮೆ ದೃಷ್ಟಿ ಮತ್ತು ಪಾಪೆ ಪರೀಕ್ಷಿಸಿದೆವು. ರೋಗಿಯ ಕಣ್ಣಿನ ಸುತ್ತ ಹತ್ತು ದಿನ ಕಪ್ಪಾಗಿತ್ತು, ಮತ್ತೇನೂ ಆಗಲಿಲ್ಲ. ಬಾಸ್ಟನ್ನಿನ ಹ್ಯಾರಿಸ್ ಮೋಷರ್ ಎಂಬ ಶಸ್ತ್ರವೈದ್ಯರು 1929ರಲ್ಲೇ, ಮೂಗಿನ ಮೂಲಕ ಎತ್ಮಾಯ್ಡ್ ತೆಗೆಯುವುದು ರೋಗಿಯನ್ನು ಕೊಲ್ಲಲು ಅತಿ ಸುಲಭವಾದ ಶಸ್ತ್ರಕ್ರಿಯೆಗಳಲ್ಲೊಂದು ಎಂಬರ್ಥದ ಮಾತು ಬರೆದಿದ್ದರು. ಅದನ್ನು ಓದಿದಾಗ ಅತಿಶಯೋಕ್ತಿ ಅನ್ನಿಸಿತ್ತು. ಆ ಬಟ್ಟಲನ್ನು ನೋಡಿದ ಮೇಲೆ ಹಾಗೆ ಅನ್ನಿಸಲಿಲ್ಲ.

ಆ ವಾರದಿಂದ ನಾನು ಒಂದು ಅಭ್ಯಾಸ ಹಿಡಿದೆ. ಮರುದಿನದ ರೋಗಿಯ ಸಿಟಿ ಸ್ಕ್ಯಾನನ್ನು ಹಿಂದಿನ ಸಂಜೆ ನೋಡಿ, ಮುಖಕ್ಕೆ ಎದುರಾಗಿ ಕೊಯ್ದ ಅಡ್ಡಪದರಗಳಲ್ಲಿ ಐದನ್ನು ಆರಿಸಿ, ಹಳೆಯ ಕೇಸ್ ಶೀಟುಗಳ ಖಾಲಿ ಬೆನ್ನಿನ ಮೇಲೆ ಪೆನ್ಸಿಲಿನಿಂದ ಬರೆಯುವುದು. ಹೆಸರು ಬರೆಯುವಂತಿಲ್ಲ, ಗೋಡೆಗಳನ್ನು ಮಾತ್ರ, ಎಡ ಬಲ ಎರಡನ್ನೂ. ರೇಡಿಯಾಲಜಿಯವರ ವರದಿಯನ್ನು ಚಿತ್ರ ಮುಗಿದ ಮೇಲಷ್ಟೇ ಓದುವುದು. ಎರಡು ವರ್ಷ ಹೀಗೆ ಬರೆದೆ. ಕಣ್ಣು ಸುಮ್ಮನೆ ನೋಡಿ ದಾಟಿಬಿಡುವುದನ್ನು ಕೈ ದಾಟಗೊಡುವುದಿಲ್ಲ. ಎಲ್ಲಿ ಗೆರೆ ಎಳೆಯಲು ಪೆನ್ಸಿಲ್ ತಡೆಯುತ್ತದೋ ಅಲ್ಲಿ ನನಗೆ ಗೊತ್ತಿಲ್ಲದ್ದೊಂದು ಇದೆ ಎಂದರ್ಥ.

ಆ ಚಿತ್ರಗಳಲ್ಲಿ ನಾನು ಹುಡುಕುತ್ತಿದ್ದುದು ಮೊದಲು ಚಾವಣಿ. ಜರಡಿ ಫಲಕವು ಅಕ್ಕಪಕ್ಕದ ಎತ್ಮಾಯ್ಡ್ ಚಾವಣಿಗಿಂತ ತಗ್ಗಿನಲ್ಲಿರುತ್ತದೆ, ಈ ತಗ್ಗಿನ ಆಳವನ್ನು 1962ರಲ್ಲಿ ಕೆರೋಸ್ ಎಂಬ ತಜ್ಞರು ಮೂರಾಗಿ ವಿಂಗಡಿಸಿದರು: 1ರಿಂದ 3 ಮಿಲಿಮೀಟರ್, 4ರಿಂದ 7, 8ರಿಂದ 16. ತಗ್ಗು ಆಳವಾದಷ್ಟೂ ಅದರ ಪಕ್ಕದ ಗೋಡೆ ಎತ್ತರವಾಗುತ್ತದೆ. ಆ ಗೋಡೆ ಕೆಲವೆಡೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು ಮಾತ್ರ ದಪ್ಪವಿದ್ದು, ಅದರಾಚೆ ಮಿದುಳಿನ ಹೊದಿಕೆಯೇ ಇರುತ್ತದೆ. ಎಡ ಬಲಗಳ ಆಳ ಒಂದೇ ಆಗಿರಬೇಕೆಂದಿಲ್ಲ, ಒಂದು ಬದಿ ಸಲೀಸಾಗಿ ಮುಗಿಸಿ ಅದೇ ಧೈರ್ಯದಲ್ಲಿ ಮತ್ತೊಂದು ಬದಿಗೆ ಹೋಗುವವರು ಎಡವುವುದು ಇಲ್ಲಿಯೇ. ನಂತರ ಮುಂದಿನ ಎತ್ಮಾಯ್ಡ್ ರಕ್ತನಾಳ. ಕಣ್ಣಿನ ಎರಡು ಸ್ನಾಯುಗಳ ನಡುವೆ ಕಣ್ಣುಗುಳಿಯ ಒಳಗೋಡೆಯಲ್ಲಿ ಒಂದು ಸಣ್ಣ ಚೂಪು ಕಾಣುತ್ತದೆ; ನಾಳ ಹೊರಡುವುದು ಅಲ್ಲಿಂದ. ಕೆಲವರಲ್ಲಿ ಅದು ಚಾವಣಿಗೆ ಅಂಟಿಕೊಂಡಿದ್ದರೆ ಕೆಲವರಲ್ಲಿ ಬಟ್ಟೆ ಒಣಹಾಕುವ ಹಗ್ಗದಂತೆ ಕೋಶದೊಳಗೆ ತೂಗುತ್ತದೆ. ತೂಗುವ ನಾಳವನ್ನು ತುಂಡರಿಸಿದರೆ ತುದಿ ಕಣ್ಣುಗುಳಿಯೊಳಕ್ಕೆ ಸರಿದು ಅಲ್ಲಿ ರಕ್ತ ಕಟ್ಟುತ್ತದೆ, ಕಣ್ಣು ಕಲ್ಲಿನಂತಾಗುತ್ತದೆ, ಹೊರ ಮೂಲೆಯನ್ನು ಕೊಯ್ದು ಒತ್ತಡ ಇಳಿಸಲು ಸಿಗುವ ಸಮಯ ಹೆಚ್ಚೆಂದರೆ ಒಂದೂವರೆ ಗಂಟೆ. ಕೊನೆಗೆ, ಎತ್ಮಾಯ್ಡಿನ ಹಿಂದಿರುವ ಸ್ಫೀನಾಯ್ಡ್ ಎಂಬ ಮೂಳೆಯ ಸೈನಸಿನಲ್ಲಿ ಅಡ್ಡಗೆರೆಯೊಂದು ಕಂಡರೆ ಅದರ ಮೇಲಿನ ಕೋಣೆ ಸ್ಫೀನಾಯ್ಡಿನದಲ್ಲ. ಮೇಲೇರಿ ಕುಳಿತ ಎತ್ಮಾಯ್ಡ್ ಕೋಶ, ಹಂಗೇರಿಯ ವೈದ್ಯ ಓನೋಡಿಯ ಹೆಸರಿನದು. ದೃಷ್ಟಿನರ ಹಾದುಹೋಗುವುದು ಅದರ ಗೋಡೆಯಲ್ಲೇ ಆದ್ದರಿಂದ ಅಲ್ಲಿ ನೇರ ಹಿಂದಕ್ಕೆ ನುಗ್ಗುವಂತಿಲ್ಲ. ಕೆಳಕ್ಕೆ, ಒಳಮಗ್ಗುಲಿಗೆ ತಿರುಗಬೇಕು.

ಶಸ್ತ್ರಚಿಕಿತ್ಸೆ ಕೋಣೆಯ ಹೊರಗೂ ಈ ಮೂಳೆ ನನ್ನನ್ನು ಹಲವು ಬಾರಿ ಪರೀಕ್ಷಿಸಿದೆ. ಸುಮಾರು ಐವತ್ತರ, ಸ್ವಲ್ಪ ಸ್ಥೂಲಕಾಯದ ಒಬ್ಬ ತಾಯಿ ಎರಡು ವರ್ಷಗಳಿಂದ ಅಲರ್ಜಿ ಮಾತ್ರೆ ನುಂಗುತ್ತಿದ್ದರು. “ಬಗ್ಗಿ ರಂಗೋಲಿ ಹಾಕೋವಾಗ ಬಲಗಡೆಯಿಂದ ಮಾತ್ರ ನೀರು ತೊಟ್ಟಿಕ್ಕುತ್ತೆ ಡಾಕ್ಟ್ರೇ, ಬಾಯಿಗೆ ಬಂದ್ರೆ ಉಪ್ಪುಪ್ಪು,” ಎಂದರು. ನೆಗಡಿ ಎರಡೂ ಹೊಳ್ಳೆಗಳಿಂದ ಸುರಿಯುತ್ತದೆ, ಅಂಟಾಗಿರುತ್ತದೆ, ಕರವಸ್ತ್ರದ ಮೇಲೆ ಒಣಗಿದರೆ ಗಡುಸಾಗುತ್ತದೆ. ಇದು ಹಾಗಿರಲಿಲ್ಲ. ಬೀಟಾ-2 ಟ್ರಾನ್ಸ್‌ಫೆರಿನ್ ಪರೀಕ್ಷೆಯಲ್ಲಿ ಅದು ಮಿದುಳಿನ ದ್ರವವೆಂದು ಖಚಿತವಾಯಿತು; ತೂತು ಇದ್ದದ್ದು ಜರಡಿ ಫಲಕದ ಪಕ್ಕದ ಆ ತೆಳುಗೋಡೆಯಲ್ಲಿ. ತೊಡೆಯಿಂದ ತೆಗೆದ ಪೊರೆಯನ್ನು ಒಳಗಿಟ್ಟು, ಮೂಗಿನ ನಡುಗೋಡೆಯ ಲೋಳೆಪೊರೆಯನ್ನು ತಿರುಗಿಸಿ ಹೊದಿಸಿ ಮುಚ್ಚಿದೆವು. ಅಂಥ ಸೋರಿಕೆಯನ್ನು ಹಾಗೇ ಬಿಟ್ಟರೆ ಮೂಗಿನ ಸೋಂಕು ಮಿದುಳಿನ ಪೊರೆಗೆ ಏರಲು ದಾರಿ ತೆರೆದಿಟ್ಟಂತೆ.

ಮಕ್ಕಳಲ್ಲಿ ಪರೀಕ್ಷೆ ಬೇರೆ ರೀತಿಯದು. ಹಣೆಯ ಸೈನಸ್ ಬೆಳೆಯಲು ವರ್ಷಗಳು ಬೇಕಾದರೂ ಎತ್ಮಾಯ್ಡ್ ಕೋಶಗಳು ಹುಟ್ಟುವಾಗಲೇ ಇರುತ್ತವೆ. ಆದ್ದರಿಂದ ನೆಗಡಿಯಾದ ಎರಡು ವರ್ಷದ ಮಗುವಿನ ಒಂದು ಕಣ್ಣು ಬೆಳಿಗ್ಗೆ ಊದಿ ಕೆಂಪಾದರೆ ಅದನ್ನು ಮದ್ರಾಸ್ ಐ ಎಂದೋ ಹುಳು ಕಚ್ಚಿದ್ದೆಂದೋ ಹನಿ ಹಾಕಿ ಕಳುಹಿಸುವ ಮುನ್ನ ನಾನು ಜ್ವರ ನೋಡುತ್ತೇನೆ, ಆಟಿಕೆಯೊಂದನ್ನು ಅತ್ತಿತ್ತ ಆಡಿಸಿ ಕಣ್ಣು ಎಲ್ಲ ಕಡೆಗೂ ತಿರುಗುತ್ತದೆಯೇ, ಮುಂದಕ್ಕೆ ದಬ್ಬಿಕೊಂಡಿದೆಯೇ ಎಂದು ಗಮನಿಸುತ್ತೇನೆ. ತಿರುಗದಿದ್ದರೆ ಕೀವು ಆ ಕಾಗದದ ಗೋಡೆಯನ್ನು ದಾಟಿದೆಯೆಂದು ತಿಳಿದು ಅಂದೇ ಸ್ಕ್ಯಾನ್ ಮಾಡಿಸಿ ದಾಖಲಿಸಿಕೊಳ್ಳಬೇಕು.

2021ರ ಮೇ, ಜೂನ್ ತಿಂಗಳುಗಳಲ್ಲಿ ಕಪ್ಪು ಶಿಲೀಂಧ್ರ ನಡೆದದ್ದೂ ಇದೇ ದಾರಿಯಲ್ಲಿ. ಸಕ್ಕರೆ ಕಾಯಿಲೆಯವರು, ಕೋವಿಡ್‌ಗೆ ಸ್ಟಿರಾಯ್ಡ್ ಪಡೆದವರು, ಕೆನ್ನೆ ಜೋಮು ಹಿಡಿದಿದೆ ಎಂದು ಬರುತ್ತಿದ್ದರು. ಒಳಗೆ ನೋಡಿದರೆ ನಡುವಿನ ಟರ್ಬಿನೇಟ್ ಇದ್ದಿಲಿನಂತೆ ಕಪ್ಪಾಗಿರುತ್ತಿತ್ತು, ಕೊಯ್ದರೆ ರಕ್ತ ಬರುತ್ತಿರಲಿಲ್ಲ. ಶಿಲೀಂಧ್ರ ರಕ್ತನಾಳಗಳನ್ನೇ ಹಿಡಿದು ಸಾಗುವುದರಿಂದ ಕಾಗದದ ಗೋಡೆ ಸ್ಕ್ಯಾನಿನಲ್ಲಿ ನೆಟ್ಟಗಿದ್ದರೂ ಕಣ್ಣುಗುಳಿಯೊಳಗೆ ರೋಗ ಹೊಕ್ಕಿರುತ್ತಿತ್ತು. ಶಿಲೀಂಧ್ರ ಕೊಲ್ಲುವ ಔಷಧ ಆಂಫೊಟೆರಿಸಿನ್ ಸಿಗದ ಆ ದಿನಗಳಲ್ಲಿ ನಾವು ರಕ್ತ ಜಿನುಗುವ ಅಂಗಾಂಶ ಸಿಗುವವರೆಗೂ ಕೋಶಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆವು. ಹಿಂದೆ ಪೆನ್ಸಿಲಿನಲ್ಲಿ ಬರೆದ ಗೋಡೆಗಳ ಸಾಲನ್ನು ಅಷ್ಟು ಆತುರದಲ್ಲಿ, ಅಷ್ಟು ಬಾರಿ ನಾನು ಮತ್ತೆಂದೂ ಓದಿಲ್ಲ.

ಈಗ ಸೈನಸ್ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಹೊರಡುವವರಿಗೆ ಎರಡು ವಾರ ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಎಂದು ಹೇಳಿ, ಅವರ ಸ್ಕ್ಯಾನಿನಲ್ಲೇ ಆ ಗೋಡೆಯನ್ನು ತೋರಿಸುತ್ತೇನೆ. ಕಣ್ಣಿನ ಪಕ್ಕದ ಆ ಕೂದಲೆಳೆಯಷ್ಟು ಬಿಳಿ ಗೆರೆಯನ್ನು ನೋಡಿದ ಮೇಲೆ ಯಾಕೆಂದು ಯಾರೂ ಕೇಳುವುದಿಲ್ಲ.