ಕಟಾದ ಚಲನೆಯನ್ನು ಬಳಕೆಗೆ ತರುವುದು ಹೇಗೆ?

ವರ್ಷಗಟ್ಟಲೆ ಕರಾಟೆಯ ಕಟಾವನ್ನು, ಅಂದರೆ ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿಯನ್ನು, ಚೊಕ್ಕವಾಗಿ ಮಾಡುತ್ತ ಬಂದವರು, ಜೊತೆಗಾರ ಮಣಿಕಟ್ಟನ್ನು ಬಿಗಿಯಾಗಿ ಹಿಡಿದ ಕೂಡಲೇ ಏನೂ ತೋಚದೆ ನಿಂತುಬಿಡುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅವರ ಶ್ರಮದಲ್ಲಿ ಕೊರತೆಯಿಲ್ಲ. ಕಟಾದ ಪ್ರತಿ ಕೈಬೀಸೂ ದೂರದಿಂದ ಬರುವ ಗುದ್ದಿಗೆ ಒಡ್ಡುವ ತಡೆ ಎಂದಷ್ಟೇ ಅವರಿಗೆ ಹೇಳಿಕೊಟ್ಟಿರುತ್ತಾರೆ. ಜಪಾನಿನ ಒಕಿನಾವಾದ ಕರಾಟೆ ಗುರು ಇಟೊಸು ಅಂಕೊ 1908ರಲ್ಲಿ ಬರೆದ ಹತ್ತು ಸೂತ್ರಗಳ ಪತ್ರದಲ್ಲಿಯೇ, ಚಲನೆಯ ಉದ್ದೇಶ ಮತ್ತು ಬಳಕೆಯನ್ನು ಅರಿತು ಅಭ್ಯಾಸ ಮಾಡಬೇಕೆಂದು ತಿಳಿಸಿದ್ದಾರೆ. ಚಲನೆಯನ್ನು ಹೀಗೆ ಬಿಡಿಸಿ ನೋಡುವುದಕ್ಕೆ ಬುಂಕಾಯ್ ಎಂದು ಹೆಸರು.

ಮೊದಲು ಒಂದೇ ಒಂದು ತುಣುಕನ್ನು ಆರಿಸಿಕೊಳ್ಳಿ. ಹೇಯಾನ್ ಶೋದಾನ್ ಎಂಬ ಆರಂಭಿಕರ ಕಟಾದ ಮೊದಲಿಗೆ ಬರುವ ಗೆಡಾನ್ ಬರಾಯ್ (ಮುಂಗೈಯನ್ನು ಕೆಳಕ್ಕೆ ಬೀಸುವ ತಡೆ) ಮತ್ತು ಅದರ ಬೆನ್ನಿಗೇ ಬರುವ ಗುದ್ದು ಸಾಕು. ಒಂದು ಚಲನೆಗೆ ಹತ್ತು ಬಳಕೆ ತೋರಿಸುವ ವಿಡಿಯೊಗಳನ್ನು ಈ ಹಂತದಲ್ಲಿ ನೋಡಲೇಬೇಡಿ.

ಎರಡನೆಯದಾಗಿ, ಜೊತೆಗಾರ ಕೈಯಳತೆಯ ಒಳಗೆ ನಿಂತು ತನ್ನ ಬಲಗೈಯಿಂದ ನಿಮ್ಮ ಬಲ ಮಣಿಕಟ್ಟನ್ನು ಹಿಡಿಯಲಿ.

ಮೂರನೆಯ ಹಂತದಲ್ಲಿಯೇ ಹೆಚ್ಚಿನವರು ಎಡವುವುದು. ಸೊಂಟಕ್ಕೆ ಎಳೆದುಕೊಳ್ಳುವ ಕೈಯನ್ನು, ಅಂದರೆ ಹಿಕಿತೆಯನ್ನು, ಅವರು ಅಂದಕ್ಕಿರುವ ಭಂಗಿಯೆಂದು ತಿಳಿದು ಬರಿಗೈಯನ್ನು ಹಿಂದಕ್ಕೆ ಒಯ್ಯುತ್ತಾರೆ. ವಾಸ್ತವದಲ್ಲಿ ಆ ಮುಷ್ಟಿಯೊಳಗೆ ಎದುರಾಳಿಯ ಕೈ ಇರಬೇಕು. ಬಲ ಅಂಗೈಯನ್ನು ಅವನ ಮಣಿಕಟ್ಟಿನ ಮೇಲಿನಿಂದ ಹೊರಳಿಸಿ ಹಿಡಿಯಿರಿ. ಅವನ ತೋಳಿನ ಹೊರಬದಿಗೆ ಹೆಜ್ಜೆಯಿಡುತ್ತ, ನಿಮ್ಮ ಅಂಗೈ ಮೇಲ್ಮುಖವಾಗುವಂತೆ ತಿರುಚಿಕೊಂಡೇ ಸೊಂಟದವರೆಗೆ ಎಳೆಯಿರಿ. ಆಗ ಅವನ ಮೊಣಕೈಯ ಮೂಳೆತುದಿ ಮೇಲಕ್ಕೆ ತಿರುಗುತ್ತದೆ, ಮೈಭಾರ ಮುಂಗಾಲಿಗೆ ಜಾರಿ ಹಿಂದಿನ ಹಿಮ್ಮಡಿ ನೆಲ ಬಿಡುತ್ತದೆ. ಹಿಮ್ಮಡಿ ಏಳದಿದ್ದರೆ ನೀವು ತೋಳಬಲದಿಂದ ಮಾತ್ರ ಎಳೆದಿದ್ದೀರಿ, ಸೊಂಟ ತಿರುಗಿಲ್ಲ ಎಂದೇ ಅರ್ಥ. ಎಳೆತ ನಿಲ್ಲುವ ಮುನ್ನವೇ, ಬಲಕಿವಿಯ ಬಳಿ ಸಿದ್ಧವಾಗಿದ್ದ ಎಡ ಮುಂಗೈ ಇಳಿದುಬಂದು ಅವನ ಮೊಣಕೈಗಿಂತ ಎರಡು ಬೆರಳು ಮೇಲೆ, ತೋಳಿನ ಹಿಂಬದಿಯನ್ನು ಒತ್ತಬೇಕು. ಮೊದಲು ಎಳೆದು, ಒಂದು ಕ್ಷಣ ಬಿಟ್ಟು ಒತ್ತಿದರೆ ಅವನು ಮೊಣಕೈ ಮಡಚಿ ಪಾರಾಗುತ್ತಾನೆ; ಎರಡೂ ಒಂದೇ ಉಸಿರಿನಲ್ಲಿ ಆಗಬೇಕು. ಅಭ್ಯಾಸದಲ್ಲಿ ಅಲ್ಲಿ ಹೊಡೆಯಬಾರದು, ನಿಧಾನವಾಗಿ ಒತ್ತಬೇಕು, ಜೊತೆಗಾರ ಮೈ ತಟ್ಟಿದ ಕೂಡಲೇ ಬಿಡಬೇಕು. ಮೊಣಕೈ ಸುಲಭವಾಗಿ ಕೀಲು ತಪ್ಪುತ್ತದೆ.

ಬಳಿಕ ಎಡಗೈ ಅವನ ತೋಳಬಟ್ಟೆಯನ್ನು ಹಿಡಿದು ಎಳೆಯುತ್ತಿರುವಾಗ ಬಲಗೈ ಗುದ್ದುತ್ತದೆ. ಕಟಾದ ಎರಡನೆಯ ಹೆಜ್ಜೆ ಇಷ್ಟೇ.

ದಪ್ಪ ಮೆತ್ತೆಯ ಬಾಕ್ಸಿಂಗ್ ಕೈಗವಸು ತೊಟ್ಟು ಇದನ್ನು ಕಲಿಯಲಾಗದು, ಏಕೆಂದರೆ ಅದರೊಳಗಿನ ಬೆರಳು ಏನನ್ನೂ ಹಿಡಿಯಲಾರದು. ತೆಳುಬಟ್ಟೆಯ ಸಮವಸ್ತ್ರ ಮೊದಲ ವಾರದಲ್ಲೇ ತೋಳಿನ ಹೊಲಿಗೆ ಬಿಡುವುದರಿಂದ, ಹಳೆಯ ದಪ್ಪ ಅಂಗಿಯೇ ಲೇಸು.

ಕೊನೆಯ ಹಂತದಲ್ಲಿ ಜೊತೆಗಾರನಿಗೆ ಎದುರು ಬಲ ಹಾಕಲು ತಿಳಿಸಿ: ಮೊದಲು ಹಿಡಿತವನ್ನಷ್ಟೇ ಬಿಗಿಗೊಳಿಸಲಿ, ಮುಂದೆ ಕೈ ಹಿಂದಕ್ಕೆ ಸೆಳೆದುಕೊಳ್ಳಲಿ, ಆಮೇಲೆ ಇನ್ನೊಂದು ಕೈಯಿಂದ ಹೊಡೆಯಲೂ ಬರಲಿ. ತಾನಾಗಿ ಬಗ್ಗಿಕೊಡುವ ಜೊತೆಗಾರನೊಡನೆ ಕಲಿತದ್ದನ್ನು ನಾನು ಕಲಿಕೆಯೆಂದು ಎಣಿಸುವುದಿಲ್ಲ. ಅವನು ಸೆಳೆದಾಗ ನಿಮ್ಮ ಹಿಡಿತ ಜಾರಿದರೆ ಮೂರನೆಯ ಹಂತಕ್ಕೆ ಮರಳಿ, ಹಿಮ್ಮಡಿಯನ್ನು ಮತ್ತೆ ಗಮನಿಸಿ. ಪ್ರತಿದಿನ ಅಭ್ಯಾಸ ಮುಗಿದ ಮೇಲೆ ಅದೇ ತುಣುಕನ್ನು ಒಬ್ಬರೇ ನಿಧಾನವಾಗಿ ಮಾಡಿ; ಖಾಲಿ ಮುಷ್ಟಿ ಸೊಂಟಕ್ಕೆ ಬರುವಾಗ ಅದರಲ್ಲಿ ಅವನ ಮಣಿಕಟ್ಟಿನ ಭಾರ ನೆನಪಾಗುವ ತನಕ ಎರಡನೆಯ ತುಣುಕಿಗೆ ಹೋಗಬೇಡಿ.