ಮಾರ್ಕ್‌ನಿಂದ ಯೂರೋಗೆ, ಆಣೆಯಿಂದ ನಯಾ ಪೈಸೆಗೆ: ನನ್ನ ಅನುಭವ

ತುಮಕೂರಿನಲ್ಲಿ ನಾನು ಬಲ್ಲ ನಾಣ್ಯ ಸಂಗ್ರಾಹಕರು ಹೆಚ್ಚಾಗಿ ಮೈಸೂರು ಸಂಸ್ಥಾನದ ಕಾಸುಗಳನ್ನೋ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿಗಳನ್ನೋ ಅರಸುತ್ತಾರೆ. ನಾನು ಆರಿಸಿಕೊಂಡದ್ದು ದೇಶವೊಂದು ತನ್ನ ಹಣವನ್ನೇ ಬದಲಿಸಿದ ಸಂದರ್ಭದ ನಾಣ್ಯಗಳನ್ನು. ಇಂಥ ಸ್ಮರಣಾರ್ಥ ನಾಣ್ಯ ಒಂಟಿಯಾಗಿದ್ದರೆ ನೋಡುವವರಿಗೆ ಏನೂ ತಿಳಿಯದು. ಆದ್ದರಿಂದ ಆಲ್ಬಮ್ಮಿನ ಒಂದೇ ಪುಟದಲ್ಲಿ ಚಲಾವಣೆಯಿಂದ ಹೋದ ನಾಣ್ಯವನ್ನೂ ಹೊಸದಾಗಿ ಬಂದುದನ್ನೂ ಇರಿಸಿ, ನಡುವೆ ಸ್ಮರಣಾರ್ಥ ನಾಣ್ಯವನ್ನು ಜೋಡಿಸುತ್ತೇನೆ.

ಜರ್ಮನಿಯ ಪುಟದಲ್ಲಿ 1 ಮಾರ್ಕ್, 1 ಯೂರೋ ಮತ್ತು ಯೂರೋ ಜಾರಿಯ ನೆನಪಿಗೆ 2002ರಲ್ಲಿ ಹೊರತಂದ 10 ಯೂರೋ ಬೆಳ್ಳಿ ನಾಣ್ಯವಿವೆ. ಒಂದು ಯೂರೋಗೆ 1.95583 ಮಾರ್ಕ್ ಎಂಬ ವಿನಿಮಯ ದರವನ್ನು ಕೆಳಗೆ ಬರೆದಿದ್ದೇನೆ. ಮಾರ್ಕ್‌ಗೆ ವಿದಾಯವಾಗಿ 2001ರಲ್ಲಿ 12 ಗ್ರಾಂ ಅಪ್ಪಟ ಚಿನ್ನದಲ್ಲಿ 10 ಲಕ್ಷ ಸಂಖ್ಯೆಯಲ್ಲಿ ಅಚ್ಚಾದ ಒಂದು ಮಾರ್ಕ್ ನಾಣ್ಯ ಅಲ್ಲಿಗೆ ಇನ್ನೂ ಒಪ್ಪುತ್ತಿತ್ತು, ಆದರೆ ಅದರ ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ.

ಕೊಳ್ಳುವಾಗ ಮೊದಲು ಮುಖಬೆಲೆಯನ್ನೂ ದೇಶದ ಹೆಸರನ್ನೂ ನೋಡುತ್ತೇನೆ, ಏಕೆಂದರೆ ಯೂರೋಪಿನ ನಕಾಶೆ ಹೊತ್ತು ಮಿನುಗುವ ಎಷ್ಟೋ ಬಿಲ್ಲೆಗಳು ಖಾಸಗಿಯವರು ಮಾಡಿಸಿದ ಪದಕಗಳಷ್ಟೇ. ಜರ್ಮನಿಯ 2002ರ ಆ ಬೆಳ್ಳಿಯ 10 ಯೂರೋ 18 ಗ್ರಾಂ ತೂಗಬೇಕು, ವ್ಯಾಸ 32.5 ಮಿ.ಮೀ. ಇರಬೇಕು, ಅದರಲ್ಲಿ ಸಾವಿರಕ್ಕೆ 925 ಪಾಲು ಬೆಳ್ಳಿ. ತೂಕವೊಂದನ್ನೇ ನಂಬದೆ, ಪರಿಚಯದ ಅಕ್ಕಸಾಲಿಗರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ದಾರಕ್ಕೆ ಕಟ್ಟಿದ ನಾಣ್ಯವನ್ನು ತಳಕ್ಕಾಗಲಿ ಅಂಚಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸುತ್ತೇನೆ. ಅದು ಹೊರತಳ್ಳಿದ ನೀರಿನ ತೂಕ ಸುಮಾರು 1.74 ಗ್ರಾಂ ಎಂದು ಕಂಡರೆ ಬೆಳ್ಳಿ ಸರಿಯಿದೆ. 2 ಗ್ರಾಂ ದಾಟಿದರೆ ಒಳಗಿರುವುದು ಹಿತ್ತಾಳೆಯಂಥ ಹಗುರ ಲೋಹ. ಹುಣಸೆಹಣ್ಣು ತಿಕ್ಕಿ ಹೊಳಪು ತರಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನಮ್ಮ ದೇಶದ ಪುಟ ಜೋಡಿಸುವುದು ಹೆಚ್ಚು ಸ್ವಾರಸ್ಯಕರವಾಗಿತ್ತು. 16 ಆಣೆಯ, ಅಂದರೆ 64 ಪೈಸೆಯ ರೂಪಾಯಿ 1957ರ ಏಪ್ರಿಲ್ 1ರಂದು 100 ನಯೇ ಪೈಸೆಯಾಯಿತು. ಒಂದು ಆಣೆಗೆ ಆರೂಕಾಲು ನಯೇ ಪೈಸೆಯ ಲೆಕ್ಕ ಬಂದು ಚಿಲ್ಲರೆ ವ್ಯವಹಾರದ ತಲೆನೋವು ಹೆಚ್ಚಿರಬೇಕು. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ ಬಂದದ್ದು 1964ರಲ್ಲಿ, ನೆಹರೂ ಅವರ ನೆನಪಿಗೆ. ಹಾಗಾಗಿ 1957ರಲ್ಲಿ ರೂಪಾಯಿಯನ್ನು ನೂರು ಪಾಲಾಗಿಸಿದ ದಶಮಾಂಶ ಪದ್ಧತಿಗೆ ಅಂಥ ನಾಣ್ಯವಿಲ್ಲ. ಆದರೂ 1957ರ ಒಂದು ನಯಾ ಪೈಸೆಯ ಮೇಲೆ ಅದು ರೂಪಾಯಿಯ ನೂರನೆಯ ಭಾಗವೆಂದು ಹಿಂದಿಯಲ್ಲಿ ಅಚ್ಚಾಗಿದೆ. ಬದಲಾವಣೆಯನ್ನು ತಾನೇ ವಿವರಿಸುವ ಆ ನಾಣ್ಯವನ್ನು ನಡುವೆ ಇಟ್ಟು, ಎಡಕ್ಕೆ ಹಳೆಯ ಕಾಲಾಣೆಯನ್ನೂ, ಬಲಕ್ಕೆ 'ನಯಾ' ಎಂಬ ಪದ ಕೈಬಿಟ್ಟ 1964ರ ನಂತರದ ಪೈಸೆಯನ್ನೂ ಜೋಡಿಸಿದ್ದೇನೆ. ಈ ಮೂರಕ್ಕೂ ಸೇರಿ ತೆತ್ತದ್ದು ಜರ್ಮನಿಯ ಬೆಳ್ಳಿ ನಾಣ್ಯದ ಬೆಲೆಯ ಒಂದು ಸಣ್ಣ ಪಾಲು ಮಾತ್ರ.