ಎರೆ ಮಣ್ಣಿನ ದಾರಿಗೆ ಹಾರುಬೂದಿ ಹಾಕುವ ಮುನ್ನ

ಸಿಂಧನೂರು ಕಡೆ ಬೇಸಿಗೆಯಲ್ಲಿ ಎರೆ ಹೊಲದ ಬಿರುಕಿಗೆ ಕೈ ಇಳಿಸಿ ನೋಡಿ, ಮೊಣಕೈತನಕ ಹೋಗುತ್ತದೆ. ಅದೇ ಮಣ್ಣು ಮಳೆಗೆ ಉಬ್ಬಿ ಕಾಲಿನ ಚಪ್ಪಲಿ ಕಿತ್ತುಕೊಳ್ಳುತ್ತದೆ. ಅದರ ಮೇಲೆ ಎಷ್ಟು ಗರಸು ಸುರಿದರೂ ಎರಡು ಮಳೆಗಾಲಕ್ಕೆ ನುಂಗಿ ಕೂರುತ್ತದೆ.

ಈ ಮಣ್ಣನ್ನು ಗಟ್ಟಿ ಮಾಡಲು ಹಾರುಬೂದಿ, ಅಂದರೆ ಕಲ್ಲಿದ್ದಲು ಸುಟ್ಟಾಗ ಹೊಗೆಯ ಜೊತೆ ಬರುವ ನುಣ್ಣನೆಯ ಬೂದಿ, ಕಲಸಬಹುದು. ಆ ಬೂದಿಗೆ ನಮ್ಮಲ್ಲಿ ಬರವಿಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರ 1985ರಿಂದ ಕಲ್ಲಿದ್ದಲು ಸುಡುತ್ತಿದೆ. ನಾನು ಮೊದಲ ಸಲ ಹೊಲದ ದಾರಿ ಮಾಡಿಸಿದಾಗ, ಬೂದಿ ಸಿಮೆಂಟಿನಂತೆ ತಾನೇ ಹಿಡಿಯುತ್ತದೆಂದು ನಂಬಿ ಬರೀ ಬೂದಿ ಕಲಸಿದೆ. ಮರು ಬೇಸಿಗೆಗೆ ಸೈಕಲ್ ಗಾಲಿ ಸಿಗುವಷ್ಟು ಬಿರುಕು! ಈ ಬೂದಿಯಲ್ಲಿ ಸಿಲಿಕಾ, ಅಲ್ಯೂಮಿನಾ ಬೇಕಾದಷ್ಟಿವೆ, ಸುಣ್ಣ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಸುಣ್ಣ, ನೀರು ಎರಡೂ ಸಿಕ್ಕರೇ ಅದು ಗಟ್ಟಿಯಾಗುವುದು.

ಮೊದಲು ಮಣ್ಣಿನ ಗುಣ ನೋಡಿ. ಒಣಗಿಸಿ, ನುಣ್ಣಗೆ ಜರಡಿ ಹಿಡಿದ ಮಣ್ಣನ್ನು ಹತ್ತತ್ತು ಗ್ರಾಂ ತೂಗಿ ಎರಡು ಅಳತೆ ಜಾಡಿಗೆ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಜೇಡಿ ಉಬ್ಬುವುದಿಲ್ಲ. ಒಂದು ದಿನ ಬಿಟ್ಟು, ನೀರಿನ ಜಾಡಿಯ ಮಣ್ಣು ಸೀಮೆಎಣ್ಣೆ ಜಾಡಿಯದರ ಒಂದೂವರೆ ಪಟ್ಟಿಗಿಂತ ಮೇಲೆ ನಿಂತಿದ್ದರೆ ಅದನ್ನು ಹಾಗೇ ಬಿಟ್ಟು ದಾರಿ ಮಾಡಬೇಡಿ. ಮಣ್ಣಿನಲ್ಲಿ ಜಿಪ್ಸಂ ಇದೆಯೇ ಎಂದೂ ಪ್ರಯೋಗಾಲಯದಲ್ಲಿ ಕೇಳಿ. ಇದ್ದರೆ ಸುಣ್ಣ ಹಾಕಿದ ಮೇಲೇ ಮಣ್ಣು ಇನ್ನಷ್ಟು ಉಬ್ಬಬಹುದು.

ಲೆಕ್ಕ ಹೀಗೆ. 100 ಮೀಟರ್ ಉದ್ದ, 4 ಮೀಟರ್ ಅಗಲ, ರೋಲರ್ ಹೊಡೆದ ಮೇಲೆ 15 ಸೆಂಟಿಮೀಟರ್ ದಪ್ಪ ಅಂದರೆ 60 ಘನ ಮೀಟರ್, ಸುಮಾರು 96 ಟನ್ ಮಣ್ಣು. ಸುಣ್ಣ ನೂರಕ್ಕೆ 4ರಂತೆ ಹಿಡಿದರೆ 25 ಕಿಲೋದ 154 ಚೀಲ, ಬೂದಿ ನೂರಕ್ಕೆ 15ರಂತೆ ಹದಿನಾಲ್ಕೂವರೆ ಟನ್. ಇದು ಅಂದಾಜು ಮಾತ್ರ. ನಿಮ್ಮ ಮಣ್ಣಿಗೆ ಎಷ್ಟು ಬೇಕೆಂಬುದನ್ನು ಮೂರ್ನಾಲ್ಕು ಪ್ರಮಾಣದಲ್ಲಿ ಕಲಸಿ ಸಿಬಿಆರ್ ಪರೀಕ್ಷೆ (ಮಣ್ಣು ಎಷ್ಟು ಭಾರ ತಾಳುತ್ತದೆಂದು ನೋಡುವ ಪರೀಕ್ಷೆ) ಮಾಡಿಸಿಯೇ ಗೊತ್ತುಮಾಡಿಕೊಳ್ಳಿ.

ಬೇರು, ಕಸ ಇರುವ ಮೇಲಿನ ಮಣ್ಣು ಎತ್ತಿ ಹಾಕಿ. ಉಳಿದದ್ದಕ್ಕೆ ರೋಟಾವೇಟರ್ ಹೊಡೆಸಿ ಹೆಂಟೆ ಪುಡಿ ಮಾಡಿ. ಎರಡೂವರೆ ಚದರ ಮೀಟರಿಗೆ ಒಂದು ಚೀಲ ಸುಣ್ಣ ಇಟ್ಟು, ಬಿಚ್ಚಿ ಹರಡಿ, ಕಲಸಿ, ನೀರು ಚಿಮುಕಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹೋಗಿ ನೋಡಿದರೆ ಜಿಗುಟು ಮಣ್ಣು ಉದುರು ಉದುರಾಗಿರುತ್ತದೆ. ಬೂದಿ ಸೇರಬೇಕಾದದ್ದು ಆಮೇಲೆ. ಗಾಳಿ ಇರುವಾಗ ಒಣ ಬೂದಿ ಹರಡಿದರೆ ಅರ್ಧ ಪಕ್ಕದ ಹೊಲಕ್ಕೆ, ಮಿಕ್ಕದ್ದು ಆಳುಗಳ ಎದೆಗೆ. ತೇವ ಮಾಡಿಯೇ ಹರಡಿಸಿ. ಸುಣ್ಣ ಮುಟ್ಟುವವರಿಗೆ ಕನ್ನಡಕ, ಕೈಗವಸು, ಬೂಟು ಕೊಡಿ.

ಸುಣ್ಣ ಎಲ್ಲ ಕಡೆ ಬೆರೆತಿದೆಯೇ? ನಾನು ಆರತಿ ತಟ್ಟೆಯಿಂದ ಕಲಿತ ಉಪಾಯ ಹೇಳುತ್ತೇನೆ. ಅಲ್ಲಲ್ಲಿಂದ ಒಂದೊಂದು ಹಿಡಿ ಮಣ್ಣು ತಂದು ಲೋಟದ ನೀರಿಗೆ ಹಾಕಿ, ತಿಳಿಯಾದ ಮೇಲೆ ಚಿಟಿಕೆ ಅರಿಶಿನ ಉದುರಿಸಿ. ಸುಣ್ಣವಿದ್ದರೆ ನೀರು ಓಕುಳಿಯಂತೆ ಕೆಂಪಗಾಗುತ್ತದೆ. ನಮ್ಮ ಮಣ್ಣೇ ಸ್ವಲ್ಪ ಕ್ಷಾರ, ಆದ್ದರಿಂದ ಸುಣ್ಣ ಹಾಕದ ಮಣ್ಣಿನ ಲೋಟವೊಂದು ಪಕ್ಕದಲ್ಲಿರಲಿ.

ಇನ್ನು ತೇವ. ಮಣ್ಣು ಮುಷ್ಟಿಯಲ್ಲಿ ಉಂಡೆ ಕಟ್ಟಬೇಕು, ಅಂಗೈಗೆ ಮೆತ್ತಬಾರದು. ಬೂದಿ ಕಲಸಿದ ದಿನವೇ ರೋಲರ್ ಮುಗಿಸಿ. ಆಕಾಶ ಕಪ್ಪಿಟ್ಟಿದ್ದರೆ ಚೀಲ ಬಿಚ್ಚಲೇಬೇಡಿ. ಮೇಲೆ ಒದ್ದೆ ಗೋಣಿ ಹಾಸಿ ಏಳು ದಿನ ಒಣಗದಂತೆ ನೋಡಿಕೊಳ್ಳಿ. ಕಬ್ಬಿನ ಟ್ರ್ಯಾಕ್ಟರಿನವರು ಎಷ್ಟೇ ಬೇಡಿಕೊಂಡರೂ ಬಿಡಬೇಡಿ.

ಇದು ಅಡಿಪದರ. ಮೇಲೆ ಗರಸು, ಜಲ್ಲಿ ಬೀಳಲೇಬೇಕು, ಇಲ್ಲವಾದರೆ ಗಾಲಿಗೆ ಸವೆದು ಧೂಳಾಗುತ್ತದೆ. ಕುಡಿಯುವ ನೀರಿನ ಬಾವಿಯ ಹತ್ತಿರ, ನೀರು ನಿಲ್ಲುವ ತಗ್ಗಿನಲ್ಲಿ ಬೂದಿ ಬೇಡ. ಎರಡೂ ಬದಿ ಚರಂಡಿ ತೋಡಿಸಿ. ಆ ಖರ್ಚು ಉಳಿಸಲು ಹೋದ ಒಂದು ಕಡೆ ನನ್ನ ದಾರಿಯ ಅಂಚು ಮೊದಲ ಮುಂಗಾರಿಗೇ ಕುಸಿದಿತ್ತು, ನಡುಭಾಗ ಮಾತ್ರ ಹಾಗೇ ನಿಂತಿತ್ತು.